ಸೊನ್ನೆಗಿಂತ ಕಡಿಮೆ ಹಾಲು ಹಾಕುವವರು ಯಾರು?

ಪ್ರಶ್ನೆ: ಪ್ರಾಜೆಕ್ಟ್‌ಗಾಗಿ ನಮ್ಮೂರ ಡೇರಿಯಲ್ಲಿ ಕೂತು, ಒಂದು ಬೆಳಿಗ್ಗೆ 180 ಮನೆಯವರು ಹಾಕಿದ ಹಾಲಿನ ಅಳತೆ, ಫ್ಯಾಟ್ ಎರಡನ್ನೂ ಬರೆದುಕೊಂಡೆ. ಸರಾಸರಿ 7 ಲೀಟರ್, ಎಸ್‌ಡಿ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) 6. ಗೈಡ್ 'ನಾರ್ಮಲ್ ಅಂತ ಇಟ್ಕೊಂಡು ಮುಂದೆ ಹೋಗಮ್ಮ' ಅಂತಾರೆ. ಇಟ್ಕೊಳ್ಳಬಹುದಾ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಮಂಡ್ಯ ಜಿಲ್ಲೆ

ಉತ್ತರ: ಲೀಟರ್ ಲೆಕ್ಕಕ್ಕೆ ಬೇಡ. ನಾರ್ಮಲ್ ಅಂದರೆ ನಡುವೆ ಎತ್ತರ, ಎರಡೂ ಕಡೆ ಸಮನಾಗಿ ಇಳಿಯುವ ಗಂಟೆಯ (ಬೆಲ್) ಆಕಾರ. ನೀವು ಕೊಟ್ಟ ಎರಡು ಅಂಕಿಗಳೇ ಗುಟ್ಟು ಬಿಟ್ಟುಕೊಟ್ಟಿವೆ. ನಾರ್ಮಲ್ ಆಗಿದ್ದರೆ ಸರಾಸರಿಯಿಂದ ಎರಡು ಎಸ್‌ಡಿ ಆಚೀಚೆ ಸುಮಾರು 95% ಮಂದಿ ಇರಬೇಕು, ಅಂದರೆ ಮೈನಸ್ 5ರಿಂದ 19 ಲೀಟರ್‌ವರೆಗೆ. ಮೈನಸ್ 5 ಲೀಟರ್! ಲೆಕ್ಕ ಹಾಕಿದರೆ ನೂರಕ್ಕೆ 12 ಮಂದಿ ಸೊನ್ನೆಗಿಂತ ಕಡಿಮೆ ಹಾಕಬೇಕಾಗುತ್ತದೆ, ಅಂದರೆ ನಿಮ್ಮ 180ರಲ್ಲಿ ಸುಮಾರು 22 ಮನೆಯವರು ಖಾಲಿ ಕ್ಯಾನ್ ತಂದು ಡೇರಿಯಿಂದಲೇ ಹಾಲು ತುಂಬಿಸಿಕೊಂಡು ಹೋಗಬೇಕು.

ಮೊದಲು ಹಿಸ್ಟೋಗ್ರಾಮ್ (ಎಷ್ಟು ಲೀಟರ್‌ಗೆ ಎಷ್ಟು ಮನೆ ಅಂತ ತೋರಿಸುವ ಕಂಬಗಳ ಚಿತ್ರ) ಬರೆಯಿರಿ. ಎಡಕ್ಕೆ ಗುಡ್ಡ, ಬಲಕ್ಕೆ ಉದ್ದ ಬಾಲ ಕಾಣುತ್ತದೆ ಅನ್ನಿಸುತ್ತದೆ. ಯಾಕೆ ಗೊತ್ತಾ? ಗಂಟೆ ಆಕಾರ ಬರುವುದು ಸಣ್ಣ ಸಣ್ಣ ಕಾರಣಗಳು ಬಹಳಷ್ಟು ಒಟ್ಟಿಗೆ ಕೂಡಿದಾಗ. ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಕೆಟ್ಲೆ 1846ರಲ್ಲಿ 5,738 ಸ್ಕಾಟಿಷ್ ಸೈನಿಕರ ಎದೆಯ ಸುತ್ತಳತೆಯಲ್ಲಿ ಈ ಗಂಟೆಯನ್ನೇ ತೋರಿಸಿದ. ಆದರೆ ಒಂದು ಮನೆಯ ಹಾಲು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ: ಎಷ್ಟು ಹಸು, ಹಸುವಿಗೆ ಎಷ್ಟು ಲೀಟರ್. ಹೆಚ್ಚಿನವರಿಗೆ ಒಂದೋ ಎರಡೋ ಹಸು, ಯಾರೋ ಒಬ್ಬರ ಕೊಟ್ಟಿಗೆಯಲ್ಲಿ ಎಚ್‌ಎಫ್ ತಳಿಯ ಹತ್ತು ಹಸು. ಜನರ ಆದಾಯವೂ ಹೀಗೇ ಅಲ್ವಾ? ಇಂಥ ಅಂಕಿಗಳ ಲಾಗ್ (ಲಾಗರಿದಮ್, ಗುಣಿಸುವುದನ್ನು ಕೂಡುವುದಾಗಿ ಬದಲಿಸುವ ಲೆಕ್ಕ) ತೆಗೆದು ಮತ್ತೆ ಚಿತ್ರ ಬರೆದು ನೋಡಿ, ಎಷ್ಟೋ ಸಲ ಗಂಟೆ ಆಗ ಕಾಣಿಸಿಕೊಳ್ಳುತ್ತದೆ.

ಫ್ಯಾಟ್ ಕಥೆಯೇ ಬೇರೆ. ಹಸುವಿನ ಹಾಲಿನಲ್ಲಿ ಅದು 4%ರ ಆಸುಪಾಸು, ಎಮ್ಮೆಯದರಲ್ಲಿ 6-7%. ಎರಡನ್ನೂ ಒಂದೇ ಕಾಲಮ್‌ನಲ್ಲಿ ಸುರಿದಿದ್ದರೆ ಎರಡು ಡುಬ್ಬದ ಒಂಟೆಯ ಬೆನ್ನು ಸಿಗುತ್ತದೆ. ಬೇರೆ ಮಾಡಿ ನೋಡಿ, ಒಂದೊಂದೂ ಗಂಟೆಗೆ ಹತ್ತಿರ ಬರಬಹುದು. ಇನ್ನೊಂದು ಮಾತು: 3.5ರಲ್ಲಿ ಮಾತ್ರ ದಿಢೀರ್ ಅಂತ ಕಂಬ ಎದ್ದಿದ್ದರೆ ಹಸುವನ್ನು ಅನುಮಾನಿಸಬೇಡಿ, ಬರೆದವರ ಕೈ ನೋಡಿ, ಆಚೀಚೆಯ ಅಂಕಿಗಳನ್ನೂ 3.5 ಅಂತಲೇ ಬರೆದಿರಬಹುದು.

ಅಂಕಿಗಳು ನಾರ್ಮಲ್ ಹೌದೋ ಅಲ್ಲವೋ ಅಂತ ನೋಡುವ ಶಾಪಿರೋ-ವಿಲ್ಕ್ ಟೆಸ್ಟ್ ಮಾಡಲೇಬೇಕಾ ಅಂತ ಕೇಳುತ್ತೀರಿ. ಮಾಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಇಪ್ಪತ್ತು ಅಂಕಿ ಕೊಟ್ಟರೆ ಸೊಟ್ಟ ಇದ್ದದ್ದನ್ನೂ ಸುಮ್ನೆ ಬಿಟ್ಟುಬಿಡಬಹುದು, ಸಾವಿರಗಟ್ಟಲೆ ಕೊಟ್ಟರೆ ಕೂದಲೆಳೆಯಷ್ಟು ಸೊಟ್ಟಕ್ಕೂ ಕ್ಯಾತೆ ತೆಗೆಯುತ್ತದೆ. ಕ್ಯೂ-ಕ್ಯೂ ಪ್ಲಾಟ್ (ನಿಮ್ಮ ಅಂಕಿಗಳನ್ನು, ನಾರ್ಮಲ್ ಆಗಿದ್ದರೆ ಬರಬೇಕಿದ್ದ ಅಂಕಿಗಳ ಎದುರು ಇಡುವ ಚಿತ್ರ) ನನಗೆ ಜಾಸ್ತಿ ಇಷ್ಟ: ಚುಕ್ಕಿಗಳು ನೇರ ಗೆರೆ ಹಿಡಿದರೆ ಸರಿ, ತುದಿಗಳು ಬಾಗಿದರೆ ಎಲ್ಲಿ ಕೆಟ್ಟಿದೆ ಅಂತಲೂ ಅದೇ ತೋರಿಸುತ್ತದೆ.

ನಿಮ್ಮ ಗೈಡ್ ಪೂರ್ತಿ ತಪ್ಪೇನಲ್ಲ. ಎರಡು ಊರಿನ ಸರಾಸರಿ ಹೋಲಿಸುವುದಷ್ಟೇ ನಿಮ್ಮ ಕೆಲಸವಾದರೆ, 180 ಮನೆಗಳ ಸರಾಸರಿ ಅನ್ನುವುದು ತಾನೇ ಹೆಚ್ಚುಕಡಿಮೆ ನಾರ್ಮಲ್ ಆಗಿ ವರ್ತಿಸುತ್ತದೆ, ಅಂಕಿಗಳು ಸೊಟ್ಟ ಇದ್ದರೂ. ಆದರೆ 'ನಮ್ಮೂರ ಸಾಮಾನ್ಯ ಮನೆ ಎಷ್ಟು ಹಾಕುತ್ತದೆ' ಅಂತ ಬರೆಯುವ ಜಾಗದಲ್ಲಿ 7 ಬರೆಯಬೇಡಿ, ಹತ್ತು ಹಸುವಿನವರು ಸರಾಸರಿಯನ್ನು ಮೇಲಕ್ಕೆ ಎಳೆದಿರುತ್ತಾರೆ; ಮೀಡಿಯನ್ (ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ) ಬರೆಯಿರಿ.