ವಿದೇಶದ ದುಡ್ಡು, ನಮ್ಮವರ ದನಿ

ಪ್ರಶ್ನೆ: ವಸಾಹತು ಆಳ್ವಿಕೆಯಿಂದ ಹೊರಬಂದ ದೇಶಗಳಲ್ಲಿ ವಿದೇಶಿ ಸ್ಕಾಲರ್‌ಶಿಪ್, ಪತ್ರಿಕೆಗಳಿಗೆ ಬರುವ ನೆರವು, ಇವೆಲ್ಲ ಪ್ರಜಾಪ್ರಭುತ್ವಕ್ಕೆ ಕೆಡುಕೇ ಅಲ್ವಾ?

ಉತ್ತರ: ಹಾಗೆ ಸುಮ್ನೆ ಹೇಳಿಬಿಡಲು ಆಗುವುದಿಲ್ಲ. ಉಗಾಂಡಾ ನೋಡಿ. ರಜತ್ ನಿಯೋಗಿ 1961ರಲ್ಲಿ ಕಂಪಾಲಾದಲ್ಲಿ ಶುರು ಮಾಡಿದ ‘ಟ್ರಾನ್ಸಿಷನ್’ ಪತ್ರಿಕೆಯಲ್ಲಿ ಆಫ್ರಿಕಾದ ಬರಹಗಾರರು ತಮ್ಮ ಸರ್ಕಾರಗಳನ್ನೇ ಧೈರ್ಯವಾಗಿ ಪ್ರಶ್ನಿಸುತ್ತಿದ್ದರು, ಆದರೆ ಅದಕ್ಕೆ ನೆರವು ಕೊಡುತ್ತಿದ್ದ ಸಾಂಸ್ಕೃತಿಕ ಸಂಸ್ಥೆಯ ಹಿಂದೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ದುಡ್ಡಿತ್ತು ಅನ್ನುವುದು 1967ರ ಹೊತ್ತಿಗೆ ಬಯಲಾಯಿತು. ಮರುವರ್ಷ ಉಗಾಂಡಾದ ಅಧ್ಯಕ್ಷ ಮಿಲ್ಟನ್ ಒಬೋಟೆ ಅವರ ಸರ್ಕಾರ ನಿಯೋಗಿಯವರನ್ನು ಜೈಲಿಗೆ ಹಾಕಿತು. ಪತ್ರಿಕೆಯಲ್ಲಿ ಬಂದ ಟೀಕೆ ನಿಜವಾದದ್ದೇ. ಗುಟ್ಟಿನ ದುಡ್ಡು ಮಾತ್ರ ಅಂಥ ಟೀಕೆಯನ್ನೆಲ್ಲ ‘ವಿದೇಶಿ ಕೈವಾಡ’ ಅಂತ ತಳ್ಳಿಹಾಕಲು ಆಳುವವರಿಗೆ ನೆಪ ಕೊಡುತ್ತದೆ, ನನಗೆ ಜಾಸ್ತಿ ನೋವಾಗುವುದು ಇದೇ. ಬಹಿರಂಗವಾಗಿ ಕೊಡುವ ಸ್ಕಾಲರ್‌ಶಿಪ್ ಬಗ್ಗೆ ಅಷ್ಟು ಭಯವಿಲ್ಲ. ಕೊಟ್ಟವರು ಯಾರು ಅಂತ ಎಲ್ಲರಿಗೂ ಗೊತ್ತಿರುತ್ತದೆ.