ಗಣಪತಿ ಚಿತ್ರ ಹರಿದ ಹುಡುಗಿ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಸಕಲೇಶಪುರ ಕಡೆಯ ಒಂದು ಶಾಲೆ. ಏಳನೇ ಕ್ಲಾಸಿನ ಹುಡುಗಿ, ಇಲ್ಲಿ ಸುಮಾ ಎನ್ನೋಣ. ಗಣೇಶನ ಹಬ್ಬದ ಮುಂಚೆ ಮೇಷ್ಟ್ರು ಎಲ್ಲರಿಗೂ ಗಣಪತಿ ಚಿತ್ರ ಬರೆಯಲು ಹೇಳಿದ್ದರು. ಇವಳು ಸೊಂಡಿಲಿನವರೆಗೆ ಬರೆದು ಹಾಳೆ ಹರಿದು ಹಾಕಿದಳು. ದೇವರ ಚಿತ್ರ ಹರಿದಳು, ಕೊಬ್ಬು ಜಾಸ್ತಿ ಎಂದು ಅರ್ಧ ದಿನ ಹೊರಗೆ ನಿಲ್ಲಿಸಿದರು. ಶಿಸ್ತಿಲ್ಲ ಎಂಬ ದೂರಿನ ಮೇಲೆಯೇ ಆಪ್ತ ಸಮಾಲೋಚಕಿಯಾದ ನನ್ನ ಹತ್ತಿರ ಕಳಿಸಿದ್ದು.

ನಾಲ್ಕು ತಿಂಗಳ ಹಿಂದೆ, ಬೆಳಿಗ್ಗೆ ಕಾಫಿ ತೋಟದ ಕೆಲಸಕ್ಕೆ ಹೊರಟಿದ್ದ ಅವಳ ಅಪ್ಪನನ್ನು ಒಂಟಿ ಸಲಗ ತುಳಿದಿತ್ತು. ಶಾಲೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೂ ಆ ಸೊಂಡಿಲು ಯಾರ ಕಣ್ಣಿಗೂ ಬೀಳಲಿಲ್ಲ.

ಅಮ್ಮ ಹೇಳಿದರು: "ಮೇಡಂ, ರಾತ್ರಿ ಲೈಟ್ ಆರಿಸೋಕೆ ಬಿಡಲ್ಲ. ತೋಟದ ಕಡೆ ಪಟಾಕಿ ಸದ್ದಾದ್ರೆ ತಮ್ಮನ್ನ ಎಳ್ಕೊಂಡು ಮಂಚದ ಕೆಳಗೆ ಹೋಗ್ತಾಳೆ." ಆನೆ ಓಡಿಸಲು ಪಟಾಕಿ ಹೊಡೆಯುವುದು ಇಲ್ಲಿ ಮಾಮೂಲು. ಬಿಸಿಯೂಟದ ತಟ್ಟೆ ಕೈಜಾರಿ ಬಿದ್ದರೂ ಅವಳ ಮೈ ಬಿಗಿಯುತ್ತಿತ್ತು. ಕಣ್ಣು ಯಾವಾಗಲೂ ಕಿಟಕಿಯಾಚೆ. ಪಾಠ ತಲೆಗೆ ಹೋಗದಿರುವುದು ಸೋಮಾರಿತನ ಅಲ್ಲವೇ ಅಲ್ಲ. ಆ ಮಗು ಇನ್ನೂ ಕಾವಲು ಕಾಯುತ್ತಿದೆ. ಅಂಥವಳಿಗೆ ಲೆಕ್ಕ ಹತ್ತುವುದಾದರೂ ಹೇಗೆ?

ನಾನು ಅಪ್ಪನ ಬಗ್ಗೆ ಕೇಳಲಿಲ್ಲ. ಮನೆಯಿಂದ ಶಾಲೆಗೆ ಬರುವ ದಾರಿ ಬರಿ ಅಂದೆ. ಮನೆ, ಹಲಸಿನ ಮರ, ಮಾರಮ್ಮನ ಗುಡಿ, ಮೋರಿ, ಶಾಲೆ. ಗುಡಿಗೂ ಮೋರಿಗೂ ನಡುವೆ ಮಾತ್ರ ಖಾಲಿ. ಸುಮ್ನೆ ನೋಡಿದೆ. ಮುಂದಿನ ವಾರ ಅವಳೇ ಅಲ್ಲಿ ಬೆರಳಿಟ್ಟು, "ಇಲ್ಲಿ ಬೇಲಿ ಮುರಿದಿದೆ ಮಿಸ್" ಎಂದಳು. ಆ ದಿನಕ್ಕೆ ಅಷ್ಟು ಸಾಕಿತ್ತು.

ಮೇಷ್ಟ್ರಿಗೆ ಮೊದಲು ಹೇಳಿದ್ದು ಇದು: "ಏನೂ ಆಗಲ್ಲ, ಹೆದರಬೇಡ" ಅನ್ನಬೇಡಿ. ಆನೆ ಈಗಲೂ ಅದೇ ದಾರಿಯಲ್ಲಿ ಓಡಾಡುತ್ತಿದೆ, ಅದು ಅವಳಿಗೆ ಗೊತ್ತು. ಆನೆ ಎಲ್ಲಿದೆ ಎಂಬ ಅರಣ್ಯ ಇಲಾಖೆಯ ಮೆಸೇಜ್ ನಿಮ್ಮ ಮೊಬೈಲಿಗೆ ಬರುತ್ತದೆ ಅಲ್ವಾ, ಸಂಜೆ ಬೆಲ್ಲಿಗೆ ಮುಂಚೆ ಎಲ್ಲ ಮಕ್ಕಳಿಗೂ ಓದಿ ಹೇಳಿ. ಆ ಕಡೆಯ ಮಕ್ಕಳು ಒಬ್ಬ ದೊಡ್ಡವರ ಜೊತೆ ಗುಂಪಾಗಿ ಹೋಗಲಿ. ತಡವಾಗಿ ಬಂದರೆ ಕಾರಣ ಕೇಳದೆ ಒಳಗೆ ಕರೆಯಿರಿ. ಕೂರುವ ಜಾಗ ಅವಳೇ ಆರಿಸಿಕೊಳ್ಳಲಿ. ಬಂದವರೆದುರು "ಪಾಪ, ಇವಳ ಅಪ್ಪನ್ನೇ..." ಎಂದು ತೋರಿಸುವುದನ್ನು ದಯವಿಟ್ಟು ಬಿಡಿ. ಹೊರಗೆ ನಿಲ್ಲಿಸಿ ಅವಮಾನಿಸುವುದನ್ನಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನೇ ನಿಷೇಧಿಸಿದೆ.

ಬೆಚ್ಚಿಬಿದ್ದಾಗ ಏನು ಮಾಡಬೇಕೆಂದು ಅವಳಿಗೆ ಇಷ್ಟವಾದ ಹಿಂದಿ ಟೀಚರಿಗೆ ಹೇಳಿಕೊಟ್ಟೆ. ಪಕ್ಕದಲ್ಲಿ ಕೂತು, ಎರಡೂ ಪಾದ ನೆಲಕ್ಕೆ ಒತ್ತಲು ಹೇಳಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿಸುವುದು. ಉಸಿರು ನಿಧಾನವಾಗುವ ತನಕ ಬೇರೆ ಮಾತು ಬೇಡ.

ಇಂಥ ಭಯ, ನಿದ್ದೆಗೇಡು ಒಂದು ತಿಂಗಳು ದಾಟಿದರೆ ಮನೋವೈದ್ಯರಿಗೆ ತೋರಿಸಲೇಬೇಕು. ಸುಮಾಳನ್ನೂ ಕಳಿಸಿದೆ. ಅಮ್ಮನಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416 ಬರೆದುಕೊಟ್ಟೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ. ಆ ತಾಯಿಗೂ ಮಾತಾಡಲು ಯಾರಾದರೂ ಬೇಕಿತ್ತು.

ದೀಪಾವಳಿ ಕಳೆದ ಮೇಲೆ ಮತ್ತೆ ಹೋಗಿದ್ದೆ. ಊಟದ ಸಾಲಿನಲ್ಲಿ ಯಾರದೋ ತಟ್ಟೆ ಬಿತ್ತು. ಸುಮಾ ಬೆಚ್ಚಿದಳು. ಪಾದ ಊರಿದಳು, ಸುತ್ತ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ತಟ್ಟೆ ಮಿಸ್" ಎಂದಳು.