ಮಗಳಿಗೆ ಧೈರ್ಯ ಬರಲು ಎರಡು ದಿನದ ಶಿಬಿರ ಸಾಕೇ?

7ನೇ ತರಗತಿಯ ಮಗಳು ಮನೆಯಲ್ಲಿ ಪಟಪಟ ಮಾತಾಡುತ್ತಾಳೆ, ಹೊರಗೆ ಹೋದರೆ ಬಾಯೇ ಬಿಡುವುದಿಲ್ಲ. ಹುಬ್ಬಳ್ಳಿಯಲ್ಲಿ ಹುಡುಗಿಯರಿಗೆ ಆತ್ಮವಿಶ್ವಾಸ, ನಾಯಕತ್ವ ಕಲಿಸುವ ಎರಡು ದಿನದ ಶಿಬಿರವಿದೆ, ಸೇರಿಸಲೇ ಎಂದು ಕೇಳಿದ್ದೀರಿ. ಕಳಿಸಿದರೆ ಖುಷಿಯಾಗಿ ಬರುತ್ತಾಳೆ. ಆದರೆ ಅಷ್ಟಕ್ಕೇ ಧೈರ್ಯ ಬಂದೀತೆಂದು ನಂಬಬೇಡಿ.

ಗದಗ ತಾಲೂಕಿನ ಒಂದು ಹಳ್ಳಿಯಲ್ಲಿ 6 ವರ್ಷದಿಂದ ಪ್ರತಿ ಶನಿವಾರ ಮಧ್ಯಾಹ್ನ ಹುಡುಗಿಯರನ್ನು ಕೂಡಿಸಿಕೊಂಡು ಕೂರುತ್ತೇನೆ. ಮೊದಲ ವರ್ಷ ನಾನು ಮಾಡಿದ ತಪ್ಪನ್ನು ನಿಮಗೆ ಹೇಳಲೇಬೇಕು. ನಮ್ಮ ರಾಜ್ಯದ ಗ್ರಾಮ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಊರಿನ ತೊಂದರೆಗಳನ್ನು ಅಲ್ಲಿ ಮಕ್ಕಳೇ ಎದ್ದು ನಿಂತು ಹೇಳಬೇಕು. ಶಾಲೆಯ ಶೌಚಾಲಯಕ್ಕೆ ನೀರು ಬರುತ್ತಿರಲಿಲ್ಲ. ಆ ವಿಷಯವನ್ನು ನಾನೇ ಚಂದಗೆ ಬರೆದು ಒಬ್ಬ ಹುಡುಗಿಯ ಕೈಗೆ ಕೊಟ್ಟೆ. ಬಾಯಿಪಾಠ ಮಾಡಿ ಒಂದಕ್ಷರ ತಪ್ಪದೆ ಒಪ್ಪಿಸಿದಳು, ಚಪ್ಪಾಳೆ ಬಿತ್ತು. ಆಗ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), "ಎಷ್ಟು ದಿನಾತವಾ ನೀರು ನಿಂತು?" ಎಂದರು. ಕಾಗದದಲ್ಲಿ ಅದಿರಲಿಲ್ಲ. ಹುಡುಗಿ ನನ್ನ ಮುಖ ನೋಡಿದಳು. ನಾನು ಥಟ್ಟನೆ ಉತ್ತರ ಕೊಟ್ಟುಬಿಟ್ಟೆ. ದಿನಾ ಬೋರಿನಿಂದ ಶಾಲೆಗೆ ಕೊಡ ಹೊತ್ತವಳು ಅವಳು, ಉತ್ತರ ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮುಂದಿನ ಮೂರು ಶನಿವಾರ ಅವಳು ಬರಲೇ ಇಲ್ಲ.

ಮರುವರ್ಷ ಭಾಷಣ ಬರೆಯಲಿಲ್ಲ, ಕೆಲಸ ಹಚ್ಚಿದೆ. ನಾಲ್ವರು ಹುಡುಗಿಯರು ಒಂದು ತಿಂಗಳು ಶಾಲೆಯಿದ್ದ ದಿನವೆಲ್ಲ ನಲ್ಲಿ ತಿರುವಿ ನೋಡಿ, ನೋಟ್‌ಬುಕ್ಕಿನಲ್ಲಿ 'ಬಂತು', 'ಇಲ್ಲ' ಎಂದು ಬರೆದರು. ಅದೇ ಊರಿಂದ ಗದಗಕ್ಕೆ ಬಸ್ಸಿನಲ್ಲಿ ಹೋಗಿ ಪಿಯುಸಿ ಓದುವ ಹುಡುಗಿಯೊಬ್ಬಳನ್ನು ಅವರಿಗೆ ಜೊತೆ ಮಾಡಿದೆ. ನನ್ನ ವಯಸ್ಸಿನವರು ಹೇಳಿದರೆ ಮಕ್ಕಳಿಗೆ ಉಪದೇಶವಾಗುತ್ತದೆ, ನಾಲ್ಕೈದು ವರ್ಷ ದೊಡ್ಡ ಅಕ್ಕ ಹೇಳಿದರೆ ತಾನೂ ಮಾಡಬಹುದು ಅನಿಸುತ್ತದೆ.

ಸಭೆಯಲ್ಲಿ ಮತ್ತೆ ಅದೇ ಹುಡುಗಿ ಎದ್ದಳು. ದನಿ ನಡುಗುತ್ತಿತ್ತು. ನೋಟ್‌ಬುಕ್ಕಿನ ರಟ್ಟಿನ ಮೂಲೆಯನ್ನು ಮಡಚುತ್ತಾ ಬಿಡಿಸುತ್ತಾ ನಿಂತಿದ್ದಳು. ಸದಸ್ಯರೊಬ್ಬರು, "ನೀರು ದಿನಾ ಬರತೈತಲ್ಲ" ಅಂದರು. ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ತಲೆ ತಗ್ಗಿಸಿ ಕೂತೆ.

"ಇಲ್ರಿ ಸರ. ಇಪ್ಪತ್ತಾರು ದಿನದಾಗ ಹನ್ನೊಂದ ದಿನ ಬಂದೈತ್ರಿ. ಬರ್ಕೊಂಡೇವ್ರಿ, ನೋಡ್ರಿ." ಹೋಗಿ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಬಂದಳು.

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಪೈಪು ಸರಿಯಾಗಲು ಮತ್ತೆರಡು ತಿಂಗಳು ಹಿಡಿಯಿತು, ಅಷ್ಟರಲ್ಲಿ ಹುಡುಗಿಯರು ತಾವಾಗಿಯೇ ಎರಡು ಸಲ ಪಂಚಾಯ್ತಿಗೆ ಹೋಗಿ ಕೇಳಿ ಬಂದರು. ಸಭೆಯಲ್ಲಿ ಆಡಿದ ಮಾತಿಗಿಂತ ನನಗೆ ಇದೇ ದೊಡ್ಡದು. ಕರ್ನಾಟಕದ ಪಂಚಾಯ್ತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಆದರೂ ಸದಸ್ಯೆಯನ್ನು ಕೇಳಿದ ಪ್ರಶ್ನೆಗೆ ಪಕ್ಕದಲ್ಲಿ ಕೂತ ಗಂಡ ಉತ್ತರ ಕೊಡುವುದನ್ನು ನೋಡಿದ್ದೇನೆ. ಆಗೆಲ್ಲ ನಾನು ಕಸಿದುಕೊಂಡ ಆ ಉತ್ತರ ನೆನಪಾಗಿ ಸಂಕಟವಾಗುತ್ತದೆ.

ಇನ್ನು ಎಷ್ಟು ದಿನದ ಕಾರ್ಯಕ್ರಮ ಎನ್ನುವುದು. ಅಮೆರಿಕದ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಸಂಸ್ಥೆ ಒಂದೊಂದು ಮಗುವಿಗೆ ಒಬ್ಬೊಬ್ಬ ಹಿರಿಯರನ್ನು ಜೊತೆ ಮಾಡುತ್ತದೆ. ಆ ಜೋಡಿಗಳ ಬಗ್ಗೆ ಗ್ರಾಸ್‌ಮನ್ ಮತ್ತು ರೋಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷ ದಾಟಿದ ಜೋಡಿಗಳ ಮಕ್ಕಳಿಗೆ ಹೆಚ್ಚು ಅನುಕೂಲವಾಗಿತ್ತು. ಮೂರು ತಿಂಗಳೊಳಗೇ ಜೋಡಿ ಮುರಿದ ಮಕ್ಕಳಲ್ಲಿ ತಮ್ಮ ಮೇಲೆ ತಮಗಿದ್ದ ಬೆಲೆ ಮೊದಲಿಗಿಂತ ಇಳಿದಿತ್ತು. ಹಚ್ಚಿಕೊಂಡ ಅಕ್ಕ ನಡುವೆ ಬಿಟ್ಟುಹೋದರೆ ಮಗು ತನ್ನದೇ ತಪ್ಪು ಅಂದುಕೊಳ್ಳುತ್ತದೆ. ಹಾಗಾಗಿ ಶಿಬಿರದವರನ್ನು ಮೊದಲು ಇದನ್ನೇ ಕೇಳಿ: ಎರಡು ದಿನ ಮುಗಿದ ಮೇಲೆ ನನ್ನ ಮಗಳ ಜೊತೆ ಯಾರಿರುತ್ತಾರೆ, ಎಷ್ಟು ತಿಂಗಳು? ಸರಿಯಾದ ಉತ್ತರ ಸಿಗದಿದ್ದರೆ ಆ ದುಡ್ಡು ಉಳಿಸಿ. ಅವಳ ಶಾಲೆಯಲ್ಲಿ ಗೈಡ್ಸ್ ದಳವೋ ಖೋಖೋ ತಂಡವೋ ಇದ್ದರೆ ಅಲ್ಲಿಗೆ ಸೇರಿಸಿ, ವರ್ಷಪೂರ್ತಿ ಅದೇ ಗೆಳತಿಯರು ಸಿಗುತ್ತಾರೆ.

ಮನೆಯಲ್ಲೂ ಒಂದು ಕೆಲಸವಿದೆ. ಮುಂದಿನ ಸಲ ಅವಳಿಗೆ ಜ್ವರ ಬಂದು ದವಾಖಾನೆಗೆ ಕರೆದೊಯ್ದಾಗ ಡಾಕ್ಟರು "ಏನಾಗೇತವಾ?" ಎಂದು ಕೇಳುತ್ತಾರಲ್ಲ, ಆಗ ನೀವು ಸುಮ್ಮನಿರಿ. ಅವಳು ನಿಮ್ಮ ಮುಖ ನೋಡಿದರೆ, ನೀವು ಡಾಕ್ಟರ ಮುಖ ನೋಡಿ.